ಬುರುಡೆ ಹೊತ್ತ ಅಲೆಮಾರಿ

ಎಡ್ಗರ್ ಅಲನ್ ಪೋ 1846ರಲ್ಲಿ ‘ದ ಸ್ಫಿಂಕ್ಸ್’ ಎಂಬ ಪುಟ್ಟ ಕಥೆ ಪ್ರಕಟಿಸಿದ. ನ್ಯೂಯಾರ್ಕಿನಲ್ಲಿ ಕಾಲರಾ ಹಬ್ಬಿದೆ. ಊರು ಬಿಟ್ಟು ಹಡ್ಸನ್ ನದಿ ದಂಡೆಯ ಬಂಧುವಿನ ಮನೆಗೆ ಬಂದು ತಂಗಿದವನಿಗೆ ಸದಾ ಸಾವಿನದೇ ಧ್ಯಾನ. ಒಂದು ಸಂಜೆ ಕಿಟಕಿಯ ಬಳಿ ಕೂತಿರುವಾಗ ಎದುರಿನ ಗುಡ್ಡದ ಇಳಿಜಾರಿನಲ್ಲಿ ಹಡಗಿಗಿಂತ ದೊಡ್ಡದೊಂದು ಪ್ರಾಣಿ ಇಳಿದು ಬರುವುದು ಅವನ ಕಣ್ಣಿಗೆ ಬೀಳುತ್ತದೆ. ಅದರ ಎದೆಯ ಮೇಲೆ ತಲೆಬುರುಡೆಯ ಗುರುತು. ಅವನು ಕಂಡದ್ದು ದೈತ್ಯನನ್ನಲ್ಲ, ಕಣ್ಣಿಗೆ ತೀರ ಹತ್ತಿರದಲ್ಲಿ, ಕಿಟಕಿಗೆ ಜೇಡ ನೇಯ್ದ ಎಳೆಯ ಮೇಲೆ ತೆವಳುತ್ತಿದ್ದ ಒಂದು ಪತಂಗವನ್ನು ಎನ್ನುವುದು ಕೊನೆಯಲ್ಲಿ ತಿಳಿಯುತ್ತದೆ. ಕಥೆ ಚೆನ್ನಾಗಿದೆ. ಒಂದೇ ತೊಡಕು, ಬುರುಡೆ ಹೊತ್ತ ಆ ಪತಂಗ ಅಮೆರಿಕದಲ್ಲಿ ಇಲ್ಲ.

ಅದು ಆಫ್ರಿಕದ ಜೀವಿ. ಇಂಗ್ಲಿಷಿನಲ್ಲಿ ಡೆತ್ಸ್‌ಹೆಡ್ ಹಾಕ್‌ಮಾತ್ ಎನ್ನುತ್ತಾರೆ, ವಿಜ್ಞಾನದ ಹೆಸರು ಅಕೆರಾಂಟಿಯ ಆಟ್ರೊಪೊಸ್. ಈ ಲೇಖನದಲ್ಲಿ ಬುರುಡೆ ಪತಂಗ ಎಂದೇ ಕರೆಯೋಣ. ಪೋ ಒಬ್ಬನೇ ಅಲ್ಲ, ಈ ಪತಂಗದ ಬಗ್ಗೆ ಬರೆದವರು, ಬರೆಸಿದವರು, ಹೆದರಿದವರು ಹೆಚ್ಚು ಕಡಿಮೆ ಎಲ್ಲರೂ ಅದರ ಬೆನ್ನನ್ನಷ್ಟೇ ನೋಡಿದರು. ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಈ ಪತಂಗದ ದೊಡ್ಡ ವಿಸ್ಮಯ ಇರುವುದು ಅದರ ಊರುಗಳ ನಕ್ಷೆಯಲ್ಲಿ. ಬುರುಡೆಯ ಭಯಕ್ಕೂ ಆ ನಕ್ಷೆಯೇ ಕಾರಣ ಎಂಬುದು ನನ್ನ ಅನಿಸಿಕೆ.

ಆದರೂ ಮೊದಲು ರೂಪ ನೋಡಿಬಿಡೋಣ, ಕಣ್ಣು ಹೋಗುವುದೇ ಅಲ್ಲಿಗೆ. ರೆಕ್ಕೆ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 9ರಿಂದ 13 ಸೆಂಟಿಮೀಟರ್. ತೂಕ ಮೂರೂವರೆ ಗ್ರಾಂವರೆಗೂ ಹೋಗುತ್ತದೆ. ಹಮ್ಮಿಂಗ್‌ಬರ್ಡ್‌ಗಳಲ್ಲಿ ಸಣ್ಣವು ಇದಕ್ಕಿಂತ ಹಗುರ. ಮುಂದಿನ ರೆಕ್ಕೆಗಳು ಕಡುಕಂದು, ಅದರ ಮೇಲೆ ಕಪ್ಪು, ಬೂದು, ಹಳದಿ ಬೆರೆತ ಅಲೆಗೆರೆಗಳು, ನಡುವೆ ಒಂದು ಪುಟ್ಟ ಬಿಳಿಚುಕ್ಕೆ. ಮರದ ತೊಗಟೆಯ ಮೇಲೆ ರೆಕ್ಕೆ ಮಡಚಿ ಕೂತರೆ ಹುಡುಕಿದರೂ ಸಿಗದು. ಹಿಂದಿನ ರೆಕ್ಕೆಗಳದ್ದು ಬೇರೆಯೇ ಬಣ್ಣ: ಹೊಳೆಯುವ ಅರಿಸಿನ ಹಳದಿ, ಅದರ ಮೇಲೆ ಎರಡು ಕಪ್ಪು ಪಟ್ಟಿ. ಹೊಟ್ಟೆಯ ಮೇಲೂ ಹಳದಿ-ಕಪ್ಪು ಪಟ್ಟೆಗಳ ಸಾಲು, ನಡುವೆ ಉದ್ದಕ್ಕೂ ಬೂದುನೀಲಿಯ ಒಂದು ಗೆರೆ. ಮುಟ್ಟಿದರೆ ಮುಂದಿನ ರೆಕ್ಕೆ ಸರಿಸಿ ಈ ಹಳದಿಯನ್ನು ಥಟ್ಟನೆ ತೋರಿಸುತ್ತದೆ. ಬೇಟೆಗಾರ ಬೆಚ್ಚಿದ ಒಂದು ಕ್ಷಣ ಸಾಕು, ಪಾರಾಗಲು.

ಇನ್ನು ಆ ಬುರುಡೆ. ರೆಕ್ಕೆಗಳು ಕೂಡುವ ಬೆನ್ನಿನ ಭಾಗದಲ್ಲಿ ಮಂಕು ಹಳದಿಯ ಒಂದು ಮಚ್ಚೆ, ಅದರಲ್ಲಿ ಎರಡು ಕಪ್ಪು ಚುಕ್ಕೆ. ಅಷ್ಟೇ. ಮೂಳೆಯೂ ಇಲ್ಲ, ಉಬ್ಬೂ ಇಲ್ಲ, ಬಣ್ಣದ ರೋಮದಂಥ ಹುರುಪೆಗಳ ಜೋಡಣೆ ಮಾತ್ರ. ಹಾರಿ ಹಾರಿ ಸವೆದ ಮುದಿ ಪತಂಗದ ಬೆನ್ನಿನ ಹುರುಪೆ ಉದುರಿದರೆ ಬುರುಡೆಯೂ ಮಾಸಿಹೋಗುತ್ತದೆ. ಇದನ್ನು ಬುರುಡೆ ಎಂದು ಓದುವ ಅಭ್ಯಾಸ ಮನುಷ್ಯನದು. ಇದನ್ನು ಹಿಡಿದು ತಿನ್ನುವ ಬಾವಲಿಗೋ ಹಕ್ಕಿಗೋ ಮನುಷ್ಯನ ಅಸ್ಥಿಪಂಜರದ ಪರಿಚಯ ಏನಿದ್ದೀತು?

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಆಟ್ರೊಪೊಸ್ ಎಂದು ಹೆಸರಿಟ್ಟ. ಗ್ರೀಕ್ ಪುರಾಣದಲ್ಲಿ ಮೂವರು ವಿಧಿದೇವತೆಯರು ಬದುಕಿನ ನೂಲು ನೂತು, ಅಳೆದು, ಕತ್ತರಿಸುತ್ತಾರೆ. ಕತ್ತರಿ ಹಿಡಿದವಳು ಆಟ್ರೊಪೊಸ್. ಮುಂದೆ ಬಂದವರೂ ಅದೇ ಜಾಡು ಹಿಡಿದು ಕುಲಕ್ಕೆ ಪಾತಾಳದ ನದಿ ಅಕೆರಾನಿನ ಹೆಸರು ಕೊಟ್ಟರು. ಏಷ್ಯದ ಎರಡು ದಾಯಾದಿಗಳಲ್ಲಿ ಒಂದು ನೂಲು ಅಳೆಯುವವಳ ಹೆಸರಿನ ಲಾಕೆಸಿಸ್ ಆಯಿತು, ಇನ್ನೊಂದು ಮತ್ತೊಂದು ಪಾತಾಳನದಿಯ ಹೆಸರಿನ ಸ್ಟಿಕ್ಸ್ ಆಯಿತು. ಹೆಸರಿಟ್ಟವರೆಲ್ಲ ಯುರೋಪಿನವರು ಎಂಬುದನ್ನು ಇಲ್ಲಿ ಗಮನಿಸಬೇಕು.

ಏಕೆಂದರೆ ಪತಂಗದ ನಿಜವಾದ ಮನೆ ಯುರೋಪಲ್ಲ. ಸಹಾರಾದ ಕೆಳಗಿನ ಹುಲ್ಲುಗಾವಲು, ಕುರುಚಲು ಕಾಡು, ಹೊಲಗದ್ದೆಗಳಿಂದ ಹಿಡಿದು ಖಂಡದ ದಕ್ಷಿಣ ತುದಿಯವರೆಗೆ ಅದು ನೆಲೆಸಿದೆ. ಉತ್ತರ ಆಫ್ರಿಕದ ಕರಾವಳಿಯಲ್ಲೂ ಇದೆ. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದ ಕೆನರಿ ಮತ್ತು ಅಜೋರ್ಸ್ ದ್ವೀಪಗಳು, ಪೂರ್ವಕ್ಕೆ ಅರೇಬಿಯ ಮತ್ತು ಮಧ್ಯಪ್ರಾಚ್ಯದ ನಾಡುಗಳು. ಮೆಡಿಟರೇನಿಯನ್ ಸಮುದ್ರದ ಬೆಚ್ಚಗಿನ ದಂಡೆಗಳಲ್ಲಿ ಚಳಿಗಾಲವನ್ನೂ ಹೇಗೋ ದಾಟಬಲ್ಲದು. ಅದರಿಂದ ಮೇಲಕ್ಕೆ, ಅಂದರೆ ಫ್ರಾನ್ಸಿನ ಉತ್ತರ ಭಾಗ, ಜರ್ಮನಿ, ಬ್ರಿಟನ್, ಸ್ಕ್ಯಾಂಡಿನೇವಿಯ, ಅಪರೂಪಕ್ಕೆ ಐಸ್‌ಲ್ಯಾಂಡಿನವರೆಗೂ ಕಾಣಿಸಿಕೊಳ್ಳುವುದು ವಲಸೆಗಾರ ಪತಂಗ ಮಾತ್ರ. ಬೇಸಿಗೆಯಲ್ಲಿ ಬಂದು ಮೊಟ್ಟೆಯಿಟ್ಟು ಒಂದು ತಲೆಮಾರು ಬೆಳೆಸುತ್ತದೆ. ಹಿಮ ಬಿದ್ದ ಮೇಲೆ ಅಲ್ಲಿ ಅದಕ್ಕೆ ಬದುಕಿಲ್ಲ.

ಬರುವುದಕ್ಕೂ ಲೆಕ್ಕವಿಲ್ಲ. ಕೆಲವು ವರ್ಷ ನೂರಾರು ಬಂದಾವು, ಕೆಲವು ವರ್ಷ ಬೆರಳೆಣಿಕೆಯಷ್ಟು. ಇಲ್ಲೇ ಭಯದ ಬೇರು ಇದೆ. ದಿನಾ ಕಾಣುವುದಕ್ಕೆ ಯಾರೂ ಅಪಶಕುನದ ಅರ್ಥ ಹಚ್ಚುವುದಿಲ್ಲ. ಹತ್ತು ವರ್ಷ ಕಾಣದೆ, ಹನ್ನೊಂದನೆಯ ವರ್ಷ, ಊರಲ್ಲಿ ಜ್ವರ ಹಬ್ಬಿರುವಾಗ, ರಾತ್ರಿ ದೀಪಕ್ಕೆ ಬಂದು ಬಡಿಯುವ, ಬೆನ್ನ ಮೇಲೆ ಬುರುಡೆ ಇರುವ, ಹಿಡಿದರೆ ಇಲಿಯಂತೆ ಚೀರುವ ಹುಳುವನ್ನು ಹಳ್ಳಿಯ ಜನ ಏನೆಂದುಕೊಳ್ಳಬೇಕು? 18ನೇ ಶತಮಾನದ ಫ್ರೆಂಚ್ ಕೀಟತಜ್ಞ ರಿಯೋಮುರ್, ಬ್ರಿಟನಿ ಪ್ರಾಂತ್ಯದ ಜನ ಇದಕ್ಕೆ ಹೆದರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ಮನಸ್ಸಿನ ಕಾಯಿಲೆಯಿಂದ ನರಳುತ್ತಿದ್ದ 1801ರಲ್ಲಿ ಅವನ ಕೋಣೆಗಳಲ್ಲಿ ಸಿಕ್ಕಿದ್ದು ಎನ್ನಲಾದ ಬುರುಡೆ ಪತಂಗ ಕೇಂಬ್ರಿಜ್‌ನ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿದೆ. ಹೋಲ್ಮನ್ ಹಂಟ್ 1851ರ ‘ದ ಹೈರ್ಲಿಂಗ್ ಶೆಪರ್ಡ್’ ಚಿತ್ರದಲ್ಲಿ, ಕುರಿ ಕಾಯುವುದನ್ನು ಮರೆತು ಹುಡುಗಿಯೊಂದಿಗೆ ಹರಟುವ ಕುರುಬನ ಅಂಗೈಯಲ್ಲಿ ಇದನ್ನೇ ಇಟ್ಟ. ವ್ಯಾನ್‌ಗಾಗ್ 1889ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಒಂದು ದೊಡ್ಡ ಪತಂಗವನ್ನು ಚಿತ್ರಿಸಿ, ತಮ್ಮನಿಗೆ ಬರೆದ ಪತ್ರದಲ್ಲಿ ಅದನ್ನು ಬುರುಡೆ ಪತಂಗವೆಂದು ಕರೆದ. ಅವನು ಬಿಡಿಸಿದ್ದು ಬೇರೆಯೇ ಜಾತಿ, ನವಿಲುಗಣ್ಣಿನ ಗುರುತುಳ್ಳ ಎಂಪರರ್ ಪತಂಗ. ಹೆಸರು ಪತಂಗಕ್ಕಿಂತ ದೂರ ಹಾರಿತ್ತು.

ಸಿನಿಮಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1991ರ ‘ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್’ ಚಿತ್ರದ ಕಥೆಯಲ್ಲಿ ಬರುವ ಹೆಸರು ಏಷ್ಯದ ಸ್ಟಿಕ್ಸ್‌ನದು, ಪೋಸ್ಟರಿನಲ್ಲಿ ನಾಯಕಿಯ ಬಾಯಿಗೆ ಅಡ್ಡ ಕೂತಿರುವುದು ಆಫ್ರಿಕದ ಆಟ್ರೊಪೊಸ್. ಪ್ರಕೃತಿ ಕೊಟ್ಟ ಬುರುಡೆ ಅವರಿಗೆ ಸಾಲದೆ ಹೋಯಿತು. ಅದನ್ನು ತೆಗೆದು, ಸಾಲ್ವಡಾರ್ ಡಾಲಿ ಮತ್ತು ಛಾಯಾಗ್ರಾಹಕ ಫಿಲಿಪ್ ಹಾಲ್ಸ್‌ಮನ್ ಏಳು ಮಂದಿ ಹೆಂಗಸರ ಮೈಗಳನ್ನು ಜೋಡಿಸಿ ಮಾಡಿದ್ದ ಬುರುಡೆಯ ಚಿತ್ರವನ್ನು ಅಲ್ಲಿ ಅಂಟಿಸಿದರು. ಬುರುಡೆ ಪತಂಗಕ್ಕೇ ನಕಲಿ ಬುರುಡೆ!

ಇಷ್ಟೆಲ್ಲ ಗದ್ದಲ ಎಬ್ಬಿಸಿದ ಜೀವಿಯ ದಿನಚರಿ ಬಹಳ ಸಾಧಾರಣ. ಮರಿಹುಳುವಿಗೆ ಬೇಕಾದದ್ದು ಬದನೆ, ಆಲೂಗಡ್ಡೆ, ತಂಬಾಕು, ದತ್ತೂರಿಯಂಥ ಗಿಡಗಳ ಎಲೆ. ಲಂಟಾನವೂ ಆದೀತು, ಎಳ್ಳೂ ಆದೀತು. ಪೂರ್ತಿ ಬೆಳೆದಾಗ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು, ಸುಮಾರು 12-13 ಸೆಂಟಿಮೀಟರ್. ಮೈ ನುಣುಪು, ತುರಿಕೆಯ ರೋಮವಿಲ್ಲ. ಬಣ್ಣ ಹಸಿರು, ಹಳದಿ, ಕಂದು ಈ ಮೂರರಲ್ಲಿ ಒಂದು. ಹಸಿರು, ಹಳದಿ ಹುಳುಗಳ ಎರಡೂ ಪಕ್ಕಕ್ಕೆ ಓರೆಯಾದ ನೀಲಿ-ನೇರಳೆ ಗೆರೆಗಳು. ಹಿಂಬದಿಯಲ್ಲಿ ಗಂಟುಗಂಟಾದ, ತುದಿ ಡೊಂಕಾದ ಕೊಂಬು. ನೋಡಲು ಭಯಂಕರ, ಚುಚ್ಚುವುದಿಲ್ಲ. ಕೆಣಕಿದರೆ ದವಡೆ ಕಟಕಟ ಎನ್ನಿಸುತ್ತದೆ. ಬೆಳೆದು ಮುಗಿದ ಮೇಲೆ ಗಿಡದಿಂದ ಇಳಿದು ಮಣ್ಣಿನೊಳಗೆ ತೋಡಿಕೊಂಡು ಹೋಗಿ, ಅಲ್ಲೊಂದು ಗೂಡು ನಯ ಮಾಡಿಕೊಂಡು ಕೋಶವಾಗುತ್ತದೆ.

ಇಲ್ಲಿ ಆಲೂಗಡ್ಡೆಯ ಪಾತ್ರ ಸ್ವಾರಸ್ಯದ್ದು. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟ. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ತಂದರು, ಮುಂದಿನ ಎರಡು ಶತಮಾನಗಳಲ್ಲಿ ಅದು ಬಡವರ ಹೊಲಗಳನ್ನೆಲ್ಲ ತುಂಬಿತು. ಆಫ್ರಿಕದಿಂದ ಹಾರಿ ಬರುವ ಪತಂಗಕ್ಕೆ ದಾರಿಯುದ್ದಕ್ಕೂ ಹಾಸಿಟ್ಟ ಊಟ ಅದು. ಶರತ್ಕಾಲದಲ್ಲಿ ಗಡ್ಡೆ ಅಗೆಯುವ ಕೂಲಿಗಳ ಸಲಿಕೆಗೆ ಹೊಳೆವ ಕಂದುಬಣ್ಣದ, ಹೆಬ್ಬೆರಳಿಗಿಂತ ದಪ್ಪನೆಯ ಕೋಶಗಳು ಸಿಗುತ್ತಿದ್ದವು. ಪತಂಗ ಸಂಗ್ರಹಿಸುವ ಹವ್ಯಾಸಿಗಳು ಅವಕ್ಕೆ ಕಾಸು ಕೊಟ್ಟು ಕೊಳ್ಳುತ್ತಿದ್ದರು. ಯಂತ್ರದ ಕಟಾವು ಮತ್ತು ಕೀಟನಾಶಕ ಬಂದ ಮೇಲೆ ಆ ಕಾಸೂ ಇಲ್ಲ, ಕೋಶವೂ ಅಪರೂಪ.

ಹಾಕ್‌ಮಾತ್ ಕುಟುಂಬದ ಬಹುಪಾಲು ಪತಂಗಗಳು ಹೂವಿನ ಮುಂದೆ ನಿಂತಲ್ಲೇ ಹಾರುತ್ತ, ಉದ್ದನೆಯ ಸೊಂಡಿಲು ಇಳಿಬಿಟ್ಟು ಮಕರಂದ ಹೀರುವವು. ಆಫ್ರಿಕದ ಪಕ್ಕದ ಮಡಗಾಸ್ಕರಿನಲ್ಲಿ ಒಂದು ಜಾತಿಯ ಸೊಂಡಿಲು ಕಾಲು ಮೀಟರನ್ನೂ ಮೀರುತ್ತದೆ. ಅಲ್ಲಿನ ಒಂದು ಆರ್ಕಿಡ್ ಹೂವಿನ ಆಳ ನೋಡಿ, ಇಂಥ ಸೊಂಡಿಲಿನ ಪತಂಗ ಇರಲೇಬೇಕೆಂದು ಡಾರ್ವಿನ್ 1862ರಲ್ಲಿ ಬರೆದ, ಪತಂಗಕ್ಕೆ ಹೆಸರು ಸಿಕ್ಕಿದ್ದು 1903ರಲ್ಲಿ. ನಮ್ಮ ಬುರುಡೆ ಪತಂಗ ಅದೇ ಕುಟುಂಬದ್ದಾದರೂ ಸೊಂಡಿಲು ಮೊಂಡು, ಗಟ್ಟಿ, ಒಂದೂವರೆ ಸೆಂಟಿಮೀಟರಿಗೂ ಕಡಿಮೆ. ಆಳದ ಹೂವುಗಳು ಇದಕ್ಕೆ ಎಟುಕವು. ಇದಕ್ಕೆ ಬೇಕಿರುವುದು ಮೇಣದ ಮುಚ್ಚಳ ಚುಚ್ಚಿ ಒಳಗಿನದನ್ನು ಹೀರುವ ಉಪಕರಣ. ಇದು ಜೇನುಕಳ್ಳ.

ರಾತ್ರಿ ಜೇನುಗೂಡಿನ ಬಾಗಿಲಿಗೆ ಬಂದು ನೇರ ಒಳಗೆ ನಡೆದುಬಿಡುತ್ತದೆ. ಸಾವಿರಾರು ಕಾವಲುಗಾರರು, ಎಲ್ಲರ ಬಳಿಯೂ ವಿಷದ ಕೊಂಡಿ. ಆದರೂ ಹೆಚ್ಚಿನ ಸಲ ಹೊಟ್ಟೆ ತುಂಬಿಸಿಕೊಂಡು ಹೊರಬರುತ್ತದೆ. ಬೆನ್ನಿನ ಚಿತ್ರ ನೋಡಿ ಜೇನುಗಳು ಮೋಸಹೋಗುತ್ತವೆ ಎಂಬ ಊಹೆ ಹಳೆಯದು, ಆದರೆ ಗೂಡಿನ ಒಳಗೆ ಕಗ್ಗತ್ತಲು. ಉತ್ತರ ಇದ್ದದ್ದು ವಾಸನೆಯಲ್ಲಿ. ಮೊರಿಟ್ಜ್, ಕಿರ್ಖ್‌ನರ್ ಮತ್ತು ದಕ್ಷಿಣ ಆಫ್ರಿಕದ ರಾಬಿನ್ ಕ್ರೂ 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜೇನುಹುಳುವಿನ ಮೈಮೇಲಿರುವ ಪಾಮಿಟಿಕ್, ಪಾಮಿಟೊಲಿಕ್, ಸ್ಟಿಯರಿಕ್, ಓಲಿಕ್ ಎಂಬ ಕೊಬ್ಬಿನಾಮ್ಲಗಳು ಪತಂಗದ ಮೈಮೇಲೂ ಸುಮಾರು ಅದೇ ಪ್ರಮಾಣದಲ್ಲಿವೆ. ಮನೆಯವರ ವಾಸನೆ ಇರುವವನನ್ನು ಕತ್ತಲಲ್ಲಿ ಯಾರು ತಡೆಯುತ್ತಾರೆ? ವೇಷ ಬಯಲಾದರೂ ದಪ್ಪ ಚರ್ಮ, ಒತ್ತಾದ ಹುರುಪೆ, ಕೊಂಡಿಯ ವಿಷಕ್ಕೆ ಒಂದಷ್ಟು ತಡೆಯುವ ಶಕ್ತಿ ಅದನ್ನು ಕಾಪಾಡುತ್ತವೆ. ಎಲ್ಲ ಸಲವೂ ಅಲ್ಲ. ಗೂಡಿನ ಒಳಗೇ ಸತ್ತು, ಹೊರಗೆ ಎಳೆದುಹಾಕಲಾಗದಷ್ಟು ಭಾರವಾದ್ದರಿಂದ ಜೇನುಗಳು ಅಂಟಿನಲ್ಲಿ ಮುಚ್ಚಿಟ್ಟ ಪತಂಗಗಳು ಜೇನು ಸಾಕುವವರಿಗೆ ಸಿಕ್ಕಿವೆ.

ಈ ಕಳ್ಳತನವನ್ನು ಬಹಳ ಹಿಂದೆಯೇ ವಿವರವಾಗಿ ಬರೆದವನು ಸ್ವಿಟ್ಜರ್ಲೆಂಡಿನ ಫ್ರಾನ್ಸ್ವಾ ಹ್ಯೂಬರ್. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಮನೆಯ ಆಳು ಬ್ಯೂರ್ನೆನ್ಸ್, ಹೆಂಡತಿ, ಮಗ ನೋಡಿ ಹೇಳಿದ್ದನ್ನು ಅವನು ತೂಗಿ, ಪ್ರಶ್ನಿಸಿ, ಮತ್ತೆ ನೋಡಲು ಕಳಿಸಿ ಬರೆಸುತ್ತಿದ್ದ. ಪತಂಗದ ಹಾವಳಿ ಹೆಚ್ಚಾದ ಗೂಡುಗಳಲ್ಲಿ ಜೇನುಗಳು ಬಾಗಿಲಿಗೆ ಮೇಣ ಮತ್ತು ಅಂಟಿನ ಗೋಡೆ ಎಬ್ಬಿಸಿ, ತಮಗಷ್ಟೇ ಸಾಲುವ ಕಿಂಡಿಗಳನ್ನು ಉಳಿಸಿಕೊಂಡದ್ದನ್ನು ಅವನು ದಾಖಲಿಸಿದ. ಇಡೀ ಯುರೋಪು ಕಣ್ಣಿಟ್ಟು ಬುರುಡೆ ನೋಡುತ್ತಿದ್ದ ಕಾಲದಲ್ಲಿ ಅದರ ಕಸುಬನ್ನು ಸರಿಯಾಗಿ ಕಂಡವನು ಈ ಕುರುಡ.

ಚೀರುವ ಸದ್ದಿನದು ಇನ್ನೊಂದು ಕಥೆ. ಸೊಂಡಿಲನ್ನು ಬಾಯಿಯ ಪಕ್ಕದ ಅಂಗಗಳಿಗೆ ಉಜ್ಜಿ ಸದ್ದು ಮಾಡುತ್ತದೆ ಎಂದು ರಿಯೋಮುರ್ ತಿಳಿದಿದ್ದ. ನಿಜದಲ್ಲಿ ಅದು ಗಾಳಿಯ ಸದ್ದು. ಗಂಟಲಿನ ಕುಹರವನ್ನು ಹಿಗ್ಗಿಸಿ ಸೊಂಡಿಲಿನ ಮೂಲಕ ಗಾಳಿ ಎಳೆದುಕೊಂಡಾಗ ಒಳಗಿನ ಒಂದು ತೆಳು ಪದರ ಅದುರಿ ತುಂಡು ತುಂಡಾದ ನಾದ ಹೊರಡುತ್ತದೆ, ಅದೇ ಗಾಳಿಯನ್ನು ಹೊರದೂಡುವಾಗ ಕೀರಲು ಸಿಳ್ಳೆ. ಹಾರ್ಮೋನಿಯಂನ ತಿದಿ ಮತ್ತು ಪಟ್ಟಿಯನ್ನು ನೆನೆದರೆ ಸಾಕು. 2015ರಲ್ಲಿ ಜರ್ಮನಿಯ ಸಂಶೋಧಕರು ವೇಗದ ಕ್ಯಾಮೆರಾ ಮತ್ತು ಸ್ಕ್ಯಾನ್ ಬಳಸಿ ಇದನ್ನು ಹಂತಹಂತವಾಗಿ ತೋರಿಸಿದರು. ಜೇನಿನ ರಾಣಿ ಹೊರಡಿಸುವ ಸದ್ದನ್ನು ಅನುಕರಿಸಿ ಗೂಡನ್ನು ಸುಮ್ಮನಾಗಿಸುತ್ತದೆ ಎನ್ನುವ ಜನಪ್ರಿಯ ಮಾತಿಗಿಂತ, ಹಿಡಿದವನನ್ನು ಬೆಚ್ಚಿಸಲು ಚೀರುತ್ತದೆ ಎನ್ನುವುದು ನನಗೆ ಹೆಚ್ಚು ಒಪ್ಪಿಗೆ. ಕೈಯಲ್ಲಿ ಹಿಡಿದಾಗಲೇ ಅದು ಚೀರುವುದು.

ಈಗ ಮತ್ತೆ ನಕ್ಷೆಗೆ ಬರೋಣ. ವಸಂತದಲ್ಲಿ ಉತ್ತರಕ್ಕೆ ಹಾರಿದ ಪತಂಗ ಮರಳಿ ಹೋಗುವುದಿಲ್ಲ. ಅದು ಮೊಟ್ಟೆಯಿಟ್ಟು ಸಾಯುತ್ತದೆ. ಶರತ್ಕಾಲದಲ್ಲಿ ದಕ್ಷಿಣಕ್ಕೆ ಹೊರಡುವುದು ಯುರೋಪಿನ ಮಣ್ಣಿನಲ್ಲಿ ಹುಟ್ಟಿದ, ಆಫ್ರಿಕವನ್ನಾಗಲೀ ದಾರಿಯನ್ನಾಗಲೀ ಎಂದೂ ಕಾಣದ ಮಕ್ಕಳು. ಜೊತೆಗೆ ಹಿರಿಯರಿಲ್ಲ, ಹಕ್ಕಿಗಳ ಹಾಗೆ ಹಿಂಡಿಲ್ಲ, ಒಂಟಿ ಪ್ರಯಾಣ, ಅದೂ ರಾತ್ರಿ. ನಡುವೆ ಆಲ್ಪ್ಸ್ ಪರ್ವತ, ಆಮೇಲೆ ಸಮುದ್ರ. ಗಾಳಿ ಹೊತ್ತೊಯ್ದ ಕಡೆ ತರಗೆಲೆಯಂತೆ ಹೋಗುತ್ತವೆಂದು ಬಹುಕಾಲ ಭಾವಿಸಲಾಗಿತ್ತು.

ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಪ್ರಾಣಿವರ್ತನೆ ಸಂಸ್ಥೆಯ ಮೈಲ್ಸ್ ಮೆನ್ಜ್, ಮಾರ್ಟಿನ್ ವಿಕೆಲ್ಸ್ಕಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರಿಹುಳುಗಳನ್ನು ಪ್ರಯೋಗಾಲಯದಲ್ಲೇ ಸಾಕಿದರು, ಹೊರಜಗತ್ತಿನ ಅನುಭವ ಒಂದಿಷ್ಟೂ ಇರಬಾರದೆಂದು. ಕೋಶದಿಂದ ಬಂದ ಪತಂಗಗಳ ಬೆನ್ನಿಗೆ 0.2 ಗ್ರಾಂ ತೂಕದ ರೇಡಿಯೊ ಪ್ರೇಷಕ ಅಂಟಿಸಿ, ಆಲ್ಪ್ಸ್‌ನ ಉತ್ತರಕ್ಕಿರುವ ಕಾನ್‌ಸ್ಟಾನ್ಸ್‌ನಿಂದ ರಾತ್ರಿ ಹಾರಲು ಬಿಟ್ಟರು. ಹಿಂದೆಯೇ ಆಂಟೆನಾ ಕಟ್ಟಿದ ಸೆಸ್ನಾ ವಿಮಾನ. ವಿಮಾನ ನಡೆಸಿದವರು ಸ್ವತಃ ವಿಕೆಲ್ಸ್ಕಿ. ಪತಂಗದಷ್ಟು ನಿಧಾನ ಹಾರಲು ವಿಮಾನಕ್ಕೆ ಬಾರದು, ಆದ್ದರಿಂದ ಸುತ್ತು ಹೊಡೆಯುತ್ತ 5ರಿಂದ 15 ನಿಮಿಷಕ್ಕೊಮ್ಮೆ ಅದು ಇರುವ ಜಾಗ ಗುರುತಿಸಿದರು. ಹೀಗೆ 14 ಪತಂಗಗಳ ಬೆನ್ನುಹತ್ತಿದರು. ಕೆಲವನ್ನು ನಾಲ್ಕು ಗಂಟೆಯವರೆಗೆ, ಎಂಬತ್ತು ಕಿಲೋಮೀಟರಿನಷ್ಟು ದೂರ ಹಿಂಬಾಲಿಸಿದರು. ಬಯಲಲ್ಲಿ ಹಾರುವ ಕೀಟವೊಂದನ್ನು ಎಡೆಬಿಡದೆ ಇಷ್ಟು ದೂರ ಅನುಸರಿಸಿದ್ದು ಅದೇ ಮೊದಲು.

ಕಂಡದ್ದು ತರಗೆಲೆಯ ದಾರಿ ಅಲ್ಲ. ಪತಂಗಗಳು ಹಿಡಿದ ದಿಕ್ಕನ್ನು ಬಿಡದೆ ನೇರ ಸಾಗಿದ್ದವು. ಬೆನ್ನಗಾಳಿ ಇದ್ದಾಗ ಎತ್ತರಕ್ಕೇರಿ ಅದರ ಲಾಭ ಪಡೆದವು. ಎದುರುಗಾಳಿ ಅಥವಾ ಅಡ್ಡಗಾಳಿ ಬಂದಾಗ ನೆಲಕ್ಕೆ ಹತ್ತಿರ ಇಳಿದು, ವೇಗ ಹೆಚ್ಚಿಸಿಕೊಂಡು, ದಾರಿ ತಪ್ಪದಂತೆ ಮೈ ತಿರುಗಿಸಿಕೊಂಡವು. ಕಣ್ಣಿಗೆ ಕಾಣುವ ನೆಲದ ಗುರುತುಗಳು, ಜೊತೆಗೆ ಭೂಮಿಯ ಕಾಂತಕ್ಷೇತ್ರದ ಅರಿವು ಇದಕ್ಕೆ ನೆರವಾಗಿರಬಹುದು ಎನ್ನುವುದು ಸಂಶೋಧಕರ ಊಹೆ. ಹುಟ್ಟಿ ಕೆಲವೇ ದಿನವಾದ, ಯಾರೂ ಏನನ್ನೂ ಕಲಿಸದ ಜೀವಿ ಇಷ್ಟು ಮಾಡುವುದಾದರೆ, ಬೆನ್ನಿನ ಎರಡು ಕಪ್ಪು ಚುಕ್ಕೆಗಳ ಬಗ್ಗೆ ಎರಡೂವರೆ ಶತಮಾನ ಮಾತಾಡಿದ್ದು ಸ್ವಲ್ಪ ಜಾಸ್ತಿಯೇ ಆಯಿತು.

ನಮ್ಮಲ್ಲಿ ಈ ಪತಂಗ ಇದೆಯೇ? ಕರ್ನಾಟಕದಲ್ಲಿ ರಾತ್ರಿ ಬೀದಿದೀಪದ ಕೆಳಗೆ, ಮನೆಯ ಜಗಲಿಯ ಗೋಡೆಯ ಮೇಲೆ ಬೆನ್ನಿಗೆ ಬುರುಡೆ ಇರುವ ದಪ್ಪ ಪತಂಗ ಕಂಡವರಿದ್ದಾರೆ. ಅವು ಆಟ್ರೊಪೊಸ್ ಅಲ್ಲ, ಅದರ ಏಷ್ಯದ ದಾಯಾದಿಗಳು. ಸ್ಟಿಕ್ಸ್ ಅರೇಬಿಯ, ಇರಾಕಿನಿಂದ ಭಾರತದ ಮೂಲಕ ಜಪಾನಿನವರೆಗೆ ಹರಡಿದೆ. ಲಾಕೆಸಿಸ್ ಭಾರತದಿಂದ ಆಗ್ನೇಯ ಏಷ್ಯದ ದ್ವೀಪಗಳವರೆಗೆ ಇದ್ದು, ಹವಾಯಿಗೂ ಹೋಗಿ ನೆಲೆಸಿದೆ. ಅಂದರೆ ಅರೇಬಿಯದ ಸುತ್ತಮುತ್ತ ಆಫ್ರಿಕದ್ದೂ ಏಷ್ಯದ್ದೂ ಎದುರುಬದುರಾಗುತ್ತವೆ. ಎಳ್ಳು ಬೆಳೆಯುವವರಿಗೆ ಸ್ಟಿಕ್ಸ್ ಹೊಸದಲ್ಲ: ಒಂದೆರಡು ದಿನದಲ್ಲಿ ಗಿಡವನ್ನು ಬೋಳು ಮಾಡುವ, ಬಾಲಕ್ಕೆ ಕೊಂಬಿರುವ ಹೆಬ್ಬೆರಳು ಗಾತ್ರದ ಹಸಿರು ಹುಳು ಇದರದೇ ಮರಿ. ಸಂಖ್ಯೆ ಕಡಿಮೆ ಇದ್ದರೆ ಕೈಯಿಂದ ಆಯ್ದು ತೆಗೆಯುವುದೇ ಸಲಹೆ. ಎಳ್ಳಿನ ಹೊಲದಲ್ಲಿ ನಿಂತವನಿಗೆ ಅದು ಬೆಳೆ ತಿನ್ನುವ ಹುಳು, ಅವನ ಲೆಕ್ಕದಲ್ಲಿ ಯಮದೂತನಿಗೆ ಜಾಗವಿಲ್ಲ.

ಮೂರನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಹಿಂದಿನ ರೆಕ್ಕೆಯ ಬುಡ ಕಪ್ಪಾಗಿ, ಹೊಟ್ಟೆಯ ಮೇಲ್ಭಾಗ ಬಹುಪಾಲು ಕಡುಬಣ್ಣದ್ದಾಗಿದ್ದರೆ ಲಾಕೆಸಿಸ್, ಮೂರರಲ್ಲಿ ಇದೇ ದೊಡ್ಡದು. ಸ್ಟಿಕ್ಸ್ ಆಫ್ರಿಕದ್ದನ್ನು ಬಹಳ ಹೋಲುತ್ತದೆ, ಬುರುಡೆ ಮಾತ್ರ ಇನ್ನಷ್ಟು ಮಬ್ಬು. ಸಂಶಯ ಉಳಿದರೆ ಮುಂದಿನ ರೆಕ್ಕೆಯ ಅಡಿಭಾಗ ನೋಡಬೇಕು. ನಡುವೆ ಎರಡು ಅಡ್ಡಪಟ್ಟಿ ಇದ್ದರೆ ಅದು ನಮ್ಮ ಎಳ್ಳುಹೊಲದ್ದು, ಒಂದೇ ಇದ್ದರೆ ಆಫ್ರಿಕದ್ದು.